ಲೂಸ್ ಯಾವುದು, ಲೂಜ಼್ ಯಾವುದು? ಇಂಗ್ಲಿಷಿನ ಗೊಂದಲದ ಪದಗಳನ್ನು ಕನ್ನಡದಿಂದಲೇ ಬಿಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನಲ್ಲಿ ಗೊಂದಲ ಹುಟ್ಟಿಸುವ ನೂರು ಪದಗಳು, ಇನ್ನೂರು ಪದಗಳು ಅಂತ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಓದುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಮಾರನೇ ದಿನ ಮೇಲ್ ಬರೆಯಲು ಕೂತರೆ ಅಫೆಕ್ಟೋ ಎಫೆಕ್ಟೋ ಅಂತ ಮತ್ತೆ ಅದೇ ಒದ್ದಾಟ.

ಇದಕ್ಕೆ ಓದುವವರ ದಡ್ಡತನ ಕಾರಣವಲ್ಲ, ಪಟ್ಟಿಯ ಜಾಯಮಾನವೇ ಹಾಗೆ. ಎರಡು ಪದಗಳನ್ನು ಅಕ್ಕಪಕ್ಕ ಕೂರಿಸಿ ಒಟ್ಟಿಗೇ ಬಾಯಿಪಾಠ ಮಾಡಿದರೆ ಅವು ತಲೆಯಲ್ಲೂ ಜೋಡಿಯಾಗಿಯೇ ಉಳಿಯುತ್ತವೆ. ಒಂದು ನೆನಪಾದಾಗ ಇನ್ನೊಂದೂ ಜೊತೆಗೆ ಎದ್ದು ಬರುತ್ತದೆ, ಯಾವುದು ಯಾವುದೆಂದು ಮಾತ್ರ ತಿಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅಂಥ ಪಟ್ಟಿಗಳಲ್ಲಿ ಬಹುಪಾಲು ಮನೆಯಲ್ಲೇ ಇಂಗ್ಲಿಷ್ ಆಡುವವರಿಗಾಗಿ ಮಾಡಿದವು. ಅವರು ಎಡವುವ ಜಾಗ ಬೇರೆ, ನಾವು ಎಡವುವ ಜಾಗ ಬೇರೆ. ‘ಬೈ ಫ್ರೈಡೇ’ ಅನ್ನಬೇಕಾದ ಕಡೆ ‘ಅಂಟಿಲ್ ಫ್ರೈಡೇ’ ಅನ್ನುವ ತಪ್ಪು ಅವರಲ್ಲಿ ಕಾಣುವುದೇ ಅಪರೂಪ. ನಮ್ಮಲ್ಲಿ ಅದು ದಿನವೂ ಆಗುತ್ತದೆ. ಅವರು ಜೀವಮಾನವಿಡೀ ತಪ್ಪು ಬರೆಯುವ ‘ಇಟ್ಸ್’ ನಮಗೆ ಅರ್ಧ ನಿಮಿಷದ ಕೆಲಸ.

ಈ ಬರಹದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಬರೆದಿದ್ದೇನೆ: ಎ, ಇ, ಐ, ಸಿ, ಎಸ್ ಹೀಗೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸ್ಪೆಲಿಂಗ್ ಬರೆದು ನೋಡುತ್ತ ಓದಿದರೆ ಸಲೀಸು.

ಹಂತ 1: ಗೊಂದಲ ಯಾವ ಜಾತಿಯದು ಅಂತ ನೋಡಿ

ಒಂದು ಜೋಡಿ ಪದದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದೀರಿ ಅಂದರೆ ಮೊದಲು ಕಾರಣ ಹುಡುಕಿ. ಕಾರಣಕ್ಕೆ ತಕ್ಕ ಹಾಗೆ ಮದ್ದು ಬೇರೆಯಾಗುತ್ತದೆ.

ಕೆಲವು ಜೋಡಿಗಳಿಗೆ ಕನ್ನಡದಲ್ಲಿ ಎರಡು ಬೇರೆ ಬೇರೆ ರೂಪಗಳಿವೆ. ಕನ್ನಡದಲ್ಲಿ ಹೇಳಿ ನೋಡಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ. ಇನ್ನು ಕೆಲವಕ್ಕೆ ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು ಮೂರು. ನಿಜವಾದ ಕಷ್ಟ ಅಲ್ಲಿದೆ. ಕೆಲವು ಕಿವಿಯ ತಪ್ಪುಗಳು, ಆ ಎರಡು ಸದ್ದುಗಳನ್ನು ನಮ್ಮ ಲಿಪಿ ಬೇರೆ ಮಾಡುವುದೇ ಇಲ್ಲ. ಕೆಲವು ಬರೀ ಸ್ಪೆಲಿಂಗಿನ ಕಾಟ. ಕೊನೆಯದು ಕನ್ನಡಕ್ಕೆ ಬಂದು ಬೇರೆ ಅರ್ಥ ಪಡೆದುಕೊಂಡ ಇಂಗ್ಲಿಷ್ ಪದಗಳದ್ದು. ಇವನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ.

ಹಂತ 2: ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ

‘ಇಟ್ಸ್’ ಎಂಬ ಪದ ಎರಡು ಥರ ಇದೆ. ಎಸ್‌ಗೆ ಮುಂಚೆ ಮೇಲೆ ಅಲ್ಪವಿರಾಮದಂಥ ಚಿಹ್ನೆ, ಅಂದರೆ ಅಪಾಸ್ಟ್ರಫಿ ಇರುವುದು ಒಂದು, ಇಲ್ಲದ್ದು ಇನ್ನೊಂದು. ಕನ್ನಡದಲ್ಲಿ ‘ಅದರ’ ಅಂತ ಬಂದರೆ ಚಿಹ್ನೆ ಬೇಡ. ‘ಅದು’ ಅಂತ ಬಂದರೆ ಬೇಕು. ‘ಕಂಪನಿ ಅದರ ಲಾಭ ಪ್ರಕಟಿಸಿತು’, ಇಲ್ಲಿ ಚಿಹ್ನೆ ಇಲ್ಲ. ‘ಅದು ತಡವಾಗಿದೆ’, ಇಲ್ಲಿ ಇದೆ. ಇಷ್ಟೇ.

ಇದೇ ಕೀಲಿ ಇನ್ನೂ ಮೂರು ಬೀಗ ತೆಗೆಯುತ್ತದೆ. ‘ನಿಮ್ಮ’ ಅಂದರೆ ವೈ-ಓ-ಯು-ಆರ್. ‘ನೀವು’ ಅಂದರೆ ‘ಯು ಆರ್’ ಕೂಡಿಕೊಂಡದ್ದು, ಚಿಹ್ನೆ ಬೇಕು. ‘ಯಾರ’ ಅಂದರೆ ಎಸ್-ಇ ಕೊನೆಯಾಗುವ ಹೂಸ್. ‘ಯಾರು’ ಅಂದರೆ ಚಿಹ್ನೆ ಇರುವ ಹೂಸ್. ಇನ್ನು ದೇರ್ ಎಂಬ ಮೂವರು: ‘ಅವರ’ ಅಂದರೆ ಇ-ಐ-ಆರ್, ‘ಅವರು’ ಅಂದರೆ ಚಿಹ್ನೆ ಇರುವ ‘ದೇ ಆರ್’, ‘ಅಲ್ಲಿ’ ಅಂದರೆ ಇ-ಆರ್-ಇ. ನಮ್ಮ ಷಷ್ಠಿ ವಿಭಕ್ತಿ ಎಷ್ಟು ಚೊಕ್ಕ ಇದೆಯೆಂದರೆ, ಕನ್ನಡದಲ್ಲಿ ಅವರ, ಅವರು ಎರಡನ್ನು ಯಾರೂ ಅದಲು ಬದಲು ಮಾಡುವುದಿಲ್ಲ. ಇಂಗ್ಲಿಷಿನವರಿಗೆ ಮೂರೂ ಕಿವಿಗೆ ಒಂದೇ, ಹಾಗಾಗಿ ಅವರೇ ಹೆಚ್ಚು ತಪ್ಪುತ್ತಾರೆ. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ‘ಅದರ’ ಎಂಬ ಅರ್ಥದ ಇಟ್ಸ್‌ಗೂ ಚಿಹ್ನೆ ಹಾಕುವ ರೂಢಿ ಇತ್ತು. ಇವತ್ತು ಹಾಕಿದರೆ ತಪ್ಪು.

ದೆನ್ ಮತ್ತು ದ್ಯಾನ್ ಕೂಡ ಹೀಗೇ. ‘ಆಮೇಲೆ’, ‘ಆಗ’ ಅಂದರೆ ಇ ಇರುವ ದೆನ್. ‘ಗಿಂತ’ ಅಂದರೆ ಎ ಇರುವ ದ್ಯಾನ್. ಮೈಸೂರಿಗಿಂತ, ಅವನಿಗಿಂತ, ನಿನ್ನೆಗಿಂತ: ಗಿಂತ ಕಂಡ ಕಡೆಯೆಲ್ಲ ಎ. ಹಿಂದೆ ಇವೆರಡೂ ಒಂದೇ ಪದವಾಗಿದ್ದವು. ಸ್ಪೆಲಿಂಗ್ ಬೇರೆ ಬೇರೆಯಾಗಿ ನೆಲೆ ನಿಂತದ್ದು 1700ರ ಹೊತ್ತಿಗೆ.

ಕನ್ನಡದ ‘ಇಸು’ ಪ್ರತ್ಯಯ ಇದಕ್ಕಿಂತ ದೊಡ್ಡ ಸಹಾಯ. ಕಲಿ–ಕಲಿಸು, ಏರು–ಏರಿಸು, ಬೀಳು–ಬೀಳಿಸು. ತಾನಾಗಿ ಆಗುವುದು ಒಂದು, ಯಾರೋ ಮಾಡಿಸುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಹೊಂದುವ ಇಂಥ ಒಂದು ಪ್ರತ್ಯಯ ಇಲ್ಲ, ಎಷ್ಟೋ ಸಲ ಬೇರೆ ಪದವನ್ನೇ ತರುತ್ತಾರೆ. ಕಲಿ ಅಂದರೆ ಲರ್ನ್, ಕಲಿಸು ಅಂದರೆ ಟೀಚ್. ‘ನನಗೆ ಡ್ರೈವಿಂಗ್ ಕಲಿಸಿದರು’ ಅನ್ನಲು ‘ಲರ್ನ್ಡ್ ಮಿ’ ಅಂದರೆ ತಪ್ಪು, ‘ಟಾಟ್ ಮಿ’ ಆಗಬೇಕು. ‘ಬೆಲೆ ಏರಿತು’ ಅಂದರೆ ರೈಸ್, ಅದರ ಭೂತಕಾಲ ರೋಸ್. ‘ಬೆಲೆ ಏರಿಸಿದರು’ ಅಂದರೆ ರೇಯ್ಸ್, ಭೂತಕಾಲ ರೇಯ್ಸ್ಡ್. ‘ಹಾಲಿನ ದರ ಏರಿತು’ ಅಂತಲೂ ‘ದರ ಏರಿಸಿದರು’ ಅಂತಲೂ ಪತ್ರಿಕೆಯಲ್ಲಿ ಓದುತ್ತೀರಲ್ಲ, ಆ ಎರಡು ತಲೆಬರಹಗಳ ವ್ಯತ್ಯಾಸವೇ ಈ ಎರಡು ಪದಗಳ ವ್ಯತ್ಯಾಸ.

ಲೈ ಮತ್ತು ಲೇ ಮಾತ್ರ ಸ್ವಲ್ಪ ಮೋಸಗಾರ ಜೋಡಿ. ಮಲಗು, ಬಿದ್ದಿರು ಅಂದರೆ ಲೈ. ಇಡು, ಮಲಗಿಸು ಅಂದರೆ ಲೇ. ಕೋಳಿ ಮೊಟ್ಟೆ ಇಡುತ್ತದೆ, ಅದು ಲೇ. 1951ರಲ್ಲಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು, ಅದು ಲೇಯ್ಡ್. ಇಡು ಎಂಬ ಕನ್ನಡ ಕ್ರಿಯಾಪದ ಎರಡು ಕಡೆಯೂ ಕೈಹಿಡಿದು ನಡೆಸುತ್ತದೆ. ಕಿತಾಪತಿ ಇರುವುದು ಎಲ್ಲೆಂದರೆ, ಲೈ ಎಂಬುದರ ಭೂತಕಾಲವೇ ‘ಲೇ’! ‘ನಿನ್ನೆ ಮಧ್ಯಾಹ್ನ ಮಲಗಿದ್ದೆ’ ಅನ್ನಲು ‘ಐ ಲೇ’ ಅನ್ನಬೇಕು. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ತಪ್ಪುತ್ತಾರೆ. ನನ್ನ ಸಲಹೆ: ಭೂತಕಾಲದಲ್ಲಿ ಈ ಪದವನ್ನೇ ಬಿಟ್ಟು ‘ವಾಸ್ ಲೈಯಿಂಗ್’ ಅಂತಲೋ ‘ಸ್ಲೆಪ್ಟ್’ ಅಂತಲೋ ಬರೆದು ಮುಂದೆ ಹೋಗಿ.

‘ಐ ಆಮ್ ಬೋರಿಂಗ್’ ಎಂಬ ಪ್ರಸಿದ್ಧ ತಪ್ಪೂ ಇದೇ ಜಾತಿಯದು. ‘ನನಗೆ ಬೋರ್ ಆಗ್ತಿದೆ’ ಅನ್ನುವ ಉದ್ದೇಶ, ಬಾಯಿಂದ ಬಂದದ್ದು ‘ನಾನೊಬ್ಬ ಬೋರು ಮನುಷ್ಯ’. ಪರೀಕ್ಷೆ ಹೀಗೆ: ಕನ್ನಡದಲ್ಲಿ ‘ನನಗೆ ... ಆಯ್ತು’ ಅಂತ ಬಂದರೆ ಕೊನೆಗೆ ಇ-ಡಿ. ‘ಅದು ... ಹೊಡೆಸುತ್ತೆ’, ‘ಮಾಡಿಸುತ್ತೆ’ ಅಂತ ಬಂದರೆ ಐ-ಎನ್-ಜಿ. ನನಗೆ ಸುಸ್ತಾಯ್ತು, ಟೈರ್ಡ್. ಪ್ರಯಾಣ ಸುಸ್ತು ಹೊಡೆಸಿತು, ಟೈರಿಂಗ್. ನನಗೆ ಗೊಂದಲ ಆಯ್ತು, ಕನ್‌ಫ್ಯೂಸ್ಡ್. ಫಾರ್ಮ್ ಗೊಂದಲ ಮಾಡಿಸುತ್ತೆ, ಕನ್‌ಫ್ಯೂಸಿಂಗ್.

ಈಗ ಅಫೆಕ್ಟ್, ಎಫೆಕ್ಟ್. ‘ಪರಿಣಾಮ ಬೀರು’ ಅಂದರೆ ಎ ಅಕ್ಷರದಿಂದ ಶುರುವಾಗುವ ಅಫೆಕ್ಟ್. ಬರೀ ‘ಪರಿಣಾಮ’ ಅಂದರೆ ಇ ಅಕ್ಷರದ ಎಫೆಕ್ಟ್. ‘ಮಳೆ ಅಡಿಕೆ ಬೆಳೆಯ ಮೇಲೆ ಪರಿಣಾಮ ಬೀರಿತು’, ಇಲ್ಲಿ ಎ. ‘ಮಳೆಯ ಪರಿಣಾಮ ಈಗ ಕಾಣುತ್ತಿದೆ’, ಇಲ್ಲಿ ಇ. ‘ಬೀರು’ ಇದೆಯೇ ಇಲ್ಲವೇ ನೋಡಿದರೆ ಸಾಕು. ಒಂದು ಅಪವಾದ ನಮಗೆಲ್ಲ ಪರಿಚಿತವೇ. ಸರ್ಕಾರಿ ಆದೇಶದ ಇಂಗ್ಲಿಷ್ ಪ್ರತಿಯಲ್ಲಿ ‘ವಿತ್ ಎಫೆಕ್ಟ್ ಫ್ರಂ’ ಅಂತ ಇರುತ್ತದೆ, ಕನ್ನಡದಲ್ಲಿ ‘ಜಾರಿಗೆ ಬರುವಂತೆ’. ಆ ಜಾರಿಯ ಅರ್ಥ ಇದ್ದರೆ ಕ್ರಿಯಾಪದವಾದರೂ ಇ ಅಕ್ಷರದ್ದೇ: ಬದಲಾವಣೆ ಜಾರಿಗೆ ತರು ಅಂದರೆ ಎಫೆಕ್ಟ್ ಅ ಚೇಂಜ್.

ಹಂತ 3: ಕನ್ನಡದಲ್ಲಿ ಒಂದೇ ಪದ ಇದ್ದರೆ, ಅದನ್ನು ಬಿಡಿಸಿ ಹೇಳಿ

‘ಕೇಳು’ ಎಂಬ ಪದವನ್ನೇ ತಗೊಳ್ಳಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ತೆಗೆದರೂ ಈ ಒಂದು ಪದಕ್ಕೆ ಹಿಯರ್, ಲಿಸನ್, ಆಸ್ಕ್ ಎಲ್ಲವೂ ಸಿಗುತ್ತವೆ. ಹಾಡು ಕೇಳಿದೆ, ಸದ್ದು ಕೇಳಿದೆ, ದಾರಿ ಕೇಳಿದೆ. ಆದರೆ ಬೇಕಾದಾಗ ಕನ್ನಡವೂ ಇವನ್ನು ಬೇರೆ ಮಾಡುತ್ತದೆ. ತಾನಾಗಿ ಕಿವಿಗೆ ಬಿದ್ದರೆ ‘ಕೇಳಿಸಿತು’, ಅದು ಹಿಯರ್. ಗಮನ ಕೊಟ್ಟರೆ ‘ಕೇಳಿಸಿಕೊಂಡೆ’, ‘ಕಿವಿಗೊಟ್ಟೆ’, ಅದು ಲಿಸನ್, ಹಿಂದೆಯೇ ‘ಟು’ ಬರಬೇಕು. ಬಾಯಿಬಿಟ್ಟು ಕೇಳಿದರೆ ಆಸ್ಕ್. ಫೋನಿನಲ್ಲಿ ‘ಹಲೋ, ಕೇಳಿಸ್ತಿದೆಯಾ?’ ಅನ್ನುತ್ತೀರಲ್ಲ, ಅದು ‘ಕ್ಯಾನ್ ಯು ಹಿಯರ್ ಮಿ’. ‘ನಾನು ಹೇಳೋದು ಸ್ವಲ್ಪ ಕೇಳಿ’ ಅಂದರೆ ‘ಲಿಸನ್ ಟು ಮಿ’.

‘ನೋಡು’ ಕೂಡ ಹೀಗೇ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಬಿತ್ತು, ಕಾಣಿಸಿತು ಅಂದರೆ ಸೀ. ಕಣ್ಣು ಆ ಕಡೆ ತಿರುಗಿಸಿದೆ ಅಂದರೆ ಲುಕ್, ಜೊತೆಗೆ ‘ಅಟ್’. ನೋಡುತ್ತಾ ಕೂತೆ ಅಂದರೆ ವಾಚ್. ಕ್ರಿಕೆಟ್, ಧಾರಾವಾಹಿ, ಗೂಡು ಕಟ್ಟುವ ಹಕ್ಕಿ, ಇವನ್ನೆಲ್ಲ ವಾಚ್ ಮಾಡುವುದು. ಸಿನಿಮಾಕ್ಕೆ ಸೀ, ವಾಚ್ ಎರಡೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

‘ಹೇಳು’ ಅಂದಾಗ ಸೇ, ಟೆಲ್ ಎರಡೂ ಬರುತ್ತವೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾರಿಗೆ? ಆ ‘ಯಾರಿಗೆ’ ಎಂಬುದು ಕ್ರಿಯಾಪದದ ಪಕ್ಕದಲ್ಲೇ ಬರುವುದಾದರೆ ಟೆಲ್. ‘ಅವರು ನನಗೆ ಹೇಳಿದರು’ ಅಂದರೆ ‘ಟೋಲ್ಡ್ ಮಿ’. ನಮ್ಮ ‘ಗೆ’ ಪ್ರತ್ಯಯದ ಅಭ್ಯಾಸದಿಂದ ‘ಟೋಲ್ಡ್ ಟು ಮಿ’ ಅಂತ ಒಂದು ಟು ನುಸುಳಿಬಿಡುತ್ತದೆ, ಅದನ್ನು ತೆಗೆಯಿರಿ. ಯಾರಿಗೆ ಎಂಬುದೇ ಇಲ್ಲದಿದ್ದರೆ ಸೇ.

ಬಾರೋ ಮತ್ತು ಲೆಂಡ್ ವಿಷಯಕ್ಕೆ ಬಂದರೆ, ಯಾವುದೇ ಬ್ಯಾಂಕಿನ ಸಾಲದ ಕರಾರುಪತ್ರ ತೆಗೆದು ಕೊನೆಯ ಪುಟ ನೋಡಿ. ನೀವು ಸಹಿ ಹಾಕುವ ಜಾಗದ ಕೆಳಗೆ ಬಾರೋವರ್ ಅಂತ ಇರುತ್ತದೆ, ಬ್ಯಾಂಕು ಲೆಂಡರ್. ತಗೊಳ್ಳುವವನದು ಬಾರೋ, ಕೊಡುವವನದು ಲೆಂಡ್. ಪಕ್ಕದವರ ಪೆನ್ನು ಬೇಕಾದಾಗ ‘ಕ್ಯಾನ್ ಐ ಲೆಂಡ್ ಯುವರ್ ಪೆನ್’ ಅಂದರೆ ‘ನಿಮ್ಮ ಪೆನ್ನನ್ನು ನಾನು ಇನ್ಯಾರಿಗೋ ಕೊಡಲಾ’ ಅಂದ ಹಾಗಾಯಿತು.

ಇನ್ನು ಕನ್ನಡಿಗರ ಮೇಲ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು, ‘ಇಂದ’ ಮತ್ತು ‘ಒಳಗೆ’. ಇದನ್ನು ನಿಧಾನವಾಗಿ ನೋಡೋಣ.

‘2019ರಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ.’ ‘ಆರು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ.’ ಎರಡರಲ್ಲೂ ಇಂದ ಇದೆ. ಆದರೆ ಮೊದಲನೆಯದರಲ್ಲಿ ಇಂದ ಅಂಟಿಕೊಂಡಿರುವುದು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದುವಿಗೆ. ಎರಡನೆಯದರಲ್ಲಿ ಅಂಟಿರುವುದು ಒಂದು ಉದ್ದಕ್ಕೆ, ಅವಧಿಗೆ. ಬಿಂದುವಾದರೆ ಸಿನ್ಸ್. ಉದ್ದವಾದರೆ ಫಾರ್. ಸೋಮವಾರದಿಂದ, ಯುಗಾದಿಯಿಂದ, ಮದುವೆಯಾದಾಗಿನಿಂದ: ಸಿನ್ಸ್. ಎರಡು ತಾಸಿನಿಂದ, ಮೂರು ತಿಂಗಳಿಂದ, ಬಹಳ ದಿನದಿಂದ: ಫಾರ್. ‘ಸಿನ್ಸ್ ಟೂ ಇಯರ್ಸ್’ ಎಂಬುದು ನಮ್ಮ ಇಂದ ಪ್ರತ್ಯಯ ಇಂಗ್ಲಿಷ್ ಅಂಗಿ ತೊಟ್ಟು ಬಂದದ್ದು. ಕ್ರಿಯಾಪದವೂ ‘ಐ ಆಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್’.

ಬಿಂದು ಮತ್ತು ಉದ್ದದ ಇದೇ ಲೆಕ್ಕ ‘ಒಳಗೆ’ ಪದಕ್ಕೂ ಹೊಂದುತ್ತದೆ. ಶುಕ್ರವಾರದೊಳಗೆ ಅಂದರೆ ಬಿಂದು, ಬೈ ಫ್ರೈಡೇ. ಎರಡು ದಿನದೊಳಗೆ ಅಂದರೆ ಉದ್ದ, ವಿದಿನ್ ಟೂ ಡೇಸ್. ‘ತನಕ’, ‘ವರೆಗೆ’ ಬಂದರೆ ಮಾತ್ರ ಅಂಟಿಲ್. ಇದನ್ನು ಅದಲು ಬದಲು ಮಾಡಿದರೆ ಕೆಲಸವೇ ಕೆಡುತ್ತದೆ. ‘ರಿಪೋರ್ಟನ್ನು ಶುಕ್ರವಾರದೊಳಗೆ ಕಳಿಸಿ’ ಎಂದು ಹೇಳಲು ಹೋಗಿ ‘ಸೆಂಡ್ ಅಂಟಿಲ್ ಫ್ರೈಡೇ’ ಅಂತ ಬರೆದರೆ, ಶುಕ್ರವಾರದ ತನಕ ದಿನವೂ ಕಳಿಸುತ್ತಲೇ ಇರಬೇಕು ಅಂದುಕೊಂಡಾರು.

ಹಂತ 4: ಕಿವಿಯ ತಪ್ಪನ್ನು ಬಾಯಿಂದ ಸರಿಮಾಡಿ

ಕನ್ನಡಕ್ಕೆ ಹ್ರಸ್ವ ಎ, ದೀರ್ಘ ಏ ಎರಡೂ ಇರುವುದರಿಂದ ಟೆಸ್ಟ್–ಟೇಸ್ಟ್, ಸೆಲ್–ಸೇಲ್, ಪೆನ್–ಪೇನ್ ನಮಗೆ ಸಮಸ್ಯೆಯೇ ಅಲ್ಲ. ನಮ್ಮ ಕಷ್ಟ ಇರುವುದು ಎರಡು ಕಡೆ.

ಮೊದಲನೆಯದು ಸ ಮತ್ತು ಜ಼. ಸ್ ಎಂದಷ್ಟೇ ಹಾವು ಬುಸುಗುಟ್ಟುವ ಹಾಗೆ ಎಳೆಯುತ್ತ ಗಂಟಲ ಮೇಲೆ ಬೆರಳಿಟ್ಟು ನೋಡಿ, ಏನೂ ಅಲುಗಾಡುವುದಿಲ್ಲ. ಅದೇ ಸದ್ದನ್ನು ಹಿಡಿದುಕೊಂಡು ದುಂಬಿಯ ಹಾಗೆ ಝೇಂಕರಿಸಿ, ಬೆರಳಿಗೆ ಕಂಪನ ತಟ್ಟುತ್ತದೆ. ಅದು ಜ಼. ಪ್ರೈಸ್ ಅಂದರೆ ಬೆಲೆ, ಪ್ರೈಜ಼್ ಅಂದರೆ ಬಹುಮಾನ. ಶಾಲಾ ವಾರ್ಷಿಕೋತ್ಸವದಲ್ಲಿ ‘ಫಸ್ಟ್ ಪ್ರೈಸ್ ಬಂತು’ ಅನ್ನುವುದೇ ರೂಢಿಯಾದ್ದರಿಂದ ಬರೆಯುವಾಗಲೂ ಝಡ್ ಹೋಗಿ ಸಿ ಬಂದು ಕೂರುತ್ತದೆ. ಲೂಸ್ ಅಂದರೆ ಸಡಿಲ, ಎರಡು ಓ. ಲೂಜ಼್ ಅಂದರೆ ಕಳೆದುಕೊಳ್ಳು, ಸೋಲು, ಒಂದೇ ಓ. ಕನ್ನಡದಲ್ಲಿ ‘ಅವನೊಬ್ಬ ಲೂಸು’ ಅನ್ನುತ್ತೀವಲ್ಲ, ಅದು ತಲೆಯ ಸ್ಕ್ರೂ ಸಡಿಲ ಎಂಬ ಲೂಸ್, ಎರಡು ಓ ಇರುವುದು. ಅದನ್ನು ಗಟ್ಟಿ ಮಾಡಿಕೊಂಡರೆ ಮಿಕ್ಕದ್ದಕ್ಕೆಲ್ಲ ಒಂದು ಓ.

ಅಡ್ವೈಸ್ ಅಂದರೆ ಸಲಹೆ, ಸಿ ಅಕ್ಷರ. ಅಡ್ವೈಜ಼್ ಅಂದರೆ ಸಲಹೆ ಕೊಡು, ಎಸ್ ಅಕ್ಷರ. ಈ ಒಂದನ್ನು ಬಾಯಲ್ಲಿ ಸರಿಯಾಗಿ ಹೇಳಲು ಕಲಿತರೆ, ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲದ ಇನ್ನೆರಡು ಜೋಡಿಗಳೂ ಬಗೆಹರಿಯುತ್ತವೆ: ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಪ್ರಾಕ್ಟಿಸ್ ನಾಮಪದವಾದರೆ ಸಿ, ಪ್ರಾಕ್ಟಿಸ್ ಮಾಡು ಅಂದರೆ ಎಸ್. ಜೇಬಿನಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಕಾರ್ಡ್ ತೆಗೆದು ನೋಡಿ, ಸಿ-ಇ ಅಂತಲೇ ಅಚ್ಚಾಗಿದೆ. ಅದು ನಾಮಪದ. ಇದು ಬ್ರಿಟಿಷ್ ರೀತಿ, ಭಾರತದಲ್ಲಿ ನಡೆಯುವುದು ಇದೇ. ಅಮೆರಿಕದವರು ಪ್ರಾಕ್ಟಿಸ್‌ಗೆ ಎರಡು ಕಡೆಯೂ ಸಿ, ಲೈಸೆನ್ಸ್‌ಗೆ ಎರಡು ಕಡೆಯೂ ಎಸ್ ಹಾಕುತ್ತಾರೆ. ಅಮೆರಿಕದ ಕಂಪನಿಗೆ ಬರೆಯುತ್ತಿದ್ದರೆ ಅವರ ರೀತಿ ಹಿಡಿಯಿರಿ, ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸಬೇಡಿ.

ಎರಡನೆಯದು ವ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಸದ್ದು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ವಿ. ಹಲ್ಲು ತಾಗದೆ ತುಟಿ ದುಂಡಗಾದರೆ ಡಬ್ಲ್ಯೂ. ನಮ್ಮ ಲಿಪಿಯಲ್ಲಿ ವೆಸ್ಟ್ ಅಂದರೆ ಬನಿಯನ್ನೂ (ವಿ) ಹೌದು, ಪಶ್ಚಿಮವೂ (ಡಬ್ಲ್ಯೂ) ಹೌದು. ವೈನ್ ಅಂದರೆ ಬಳ್ಳಿಯೂ (ವಿ) ಹೌದು, ದ್ರಾಕ್ಷಾರಸವೂ (ಡಬ್ಲ್ಯೂ) ಹೌದು. ಕನ್ನಡಿಯ ಮುಂದೆ ನಿಂತು ಹಲ್ಲು ಕಾಣುತ್ತದೋ ಇಲ್ಲವೋ ನೋಡಿಕೊಂಡು ಹೇಳಿ ಅಭ್ಯಾಸ ಮಾಡುವುದೇ ದಾರಿ.

ಹಂತ 5: ಸ್ಪೆಲಿಂಗ್ ಜೋಡಿಗಳಲ್ಲಿ ಒಂದನ್ನೇ ಕಲಿಯಿರಿ

ಇಲ್ಲಿ ನಿಯಮ ಒಂದೇ. ಎರಡರಲ್ಲಿ ಅರ್ಥ ಕಿರಿದಾದ ಪದವನ್ನು ಆರಿಸಿ, ಅದರ ಸ್ಪೆಲಿಂಗ್ ಮಾತ್ರ ಗಟ್ಟಿ ಮಾಡಿ. ಇನ್ನೊಂದನ್ನು ಕಲಿಯಲೇ ಹೋಗಬೇಡಿ.

ಪ್ರಿನ್ಸಿಪಲ್ ತಗೊಳ್ಳಿ. ಪಿ-ಎಲ್-ಇ ಕೊನೆಯಾಗುವುದಕ್ಕೆ ಒಂದೇ ಅರ್ಥದ ಬಳಗ: ತತ್ವ, ಸಿದ್ಧಾಂತ. ಇದನ್ನು ಹಿಡಿಯಿರಿ. ತತ್ವ ಅಲ್ಲದ್ದೆಲ್ಲ ಪಿ-ಎ-ಎಲ್. ಕಾಲೇಜಿನ ಪ್ರಾಂಶುಪಾಲರು, ಸರ್ಕಾರದ ಪ್ರಧಾನ ಕಾರ್ಯದರ್ಶಿ, ಮುಖ್ಯ ಕಾರಣ, ಸಾಲದ ಅಸಲು, ಎಲ್ಲವೂ ಅದೇ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಸಲು, ಬಡ್ಡಿ ಬೇರೆ ಬೇರೆ ತೋರಿಸುವ ಕಡೆ ಅಸಲಿನ ಸಾಲಿನಲ್ಲಿ ನೋಡಿ.

ಸ್ಟೇಷನರಿ: ಕಾಗದ, ಪೆನ್ನು ಮಾರುವ ಅಂಗಡಿಯದಾದರೆ ಕೊನೆಗೆ ಇ-ಆರ್-ವೈ. ಪೇಪರ್, ಲೆಟರ್ ಎರಡರ ಕೊನೆಗೂ ಇ-ಆರ್ ಇದೆಯಲ್ಲ, ಅದೇ ಗುರುತು. ಮಿಕ್ಕದ್ದು, ಅಂದರೆ ನಿಂತಲ್ಲೇ ನಿಂತದ್ದು, ಎ-ಆರ್-ವೈ. ತಮಾಷೆಯೆಂದರೆ ಇವೆರಡರ ಬೇರು ಒಂದೇ. ಮಧ್ಯಯುಗದಲ್ಲಿ ಊರೂರು ಸುತ್ತಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟುಕೊಂಡ ಪುಸ್ತಕ ವ್ಯಾಪಾರಿಗೆ ಸ್ಟೇಷನರ್ ಅನ್ನುತ್ತಿದ್ದರು. ಲಂಡನ್ನಿನಲ್ಲಿ ಅವರ ಸಂಘಕ್ಕೆ 1557ರಲ್ಲಿ ರಾಜಸನ್ನದು ಸಿಕ್ಕಿತು. ನಿಂತಲ್ಲೇ ನಿಂತವನ ಸರಕೇ ಸ್ಟೇಷನರಿ ಆಯಿತು. ನಮ್ಮ ಶಾಲೆಗಳ ಎದುರಿನ ಎಷ್ಟೋ ಅಂಗಡಿ ಬೋರ್ಡುಗಳಲ್ಲಿ ಎ ಇರುವುದನ್ನು ನೋಡಿದಾಗ, ಇತಿಹಾಸದ ಲೆಕ್ಕದಲ್ಲಿ ಅಷ್ಟೇನೂ ತಪ್ಪಲ್ಲ ಅನಿಸುತ್ತದೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಫ್ಲವರ್ ಮತ್ತು ಫ್ಲೋರ್ ಎಂದು ನಾವು ಬರೆಯುವ ಹೂವು, ಹಿಟ್ಟು ಕೂಡ ಇಂಥದೇ ಅಣ್ಣತಮ್ಮ. ಹಿಟ್ಟಿನಲ್ಲಿ ಅತ್ಯುತ್ತಮ ಭಾಗ, ಹೂವಿನಂಥದ್ದು ಎಂಬ ಅರ್ಥದಲ್ಲಿ ಒಂದೇ ಪದ ಬಳಕೆಯಲ್ಲಿತ್ತು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಇವು ಬೇರೆ ಬೇರೆ ಆಗಿರಲಿಲ್ಲ. ಈಗ ಹಿಟ್ಟಿಗೆ ಓ-ಯು-ಆರ್. ಇಂಗ್ಲಿಷಿನವರ ಬಾಯಲ್ಲಿ ಎರಡೂ ಒಂದೇ ಥರ, ಹಿಟ್ಟನ್ನು ‘ಫ್ಲೋರ್’ ಅಂದರೆ ಅವರಿಗೆ ನೆಲ ಅಂತ ಕೇಳಿಸುತ್ತದೆ.

ಸಿಇಟಿ ಬರೆದ ಮಕ್ಕಳ ಮನೆಗಳಲ್ಲಿ ಪ್ರತಿವರ್ಷ ಓಡಾಡುವ ಪದ ಕೌನ್ಸೆಲಿಂಗ್. ಇದನ್ನು ಕೌನ್ಸಿಲ್‌ಗೆ ಐ-ಎನ್-ಜಿ ಸೇರಿಸಿ ಬರೆಯುವವರು ಬಹಳ. ಕೌನ್ಸಿಲ್ ಅಂದರೆ ಪರಿಷತ್ತು, ಸಭೆ. ನಮ್ಮ ವಿಧಾನ ಪರಿಷತ್ತು ಲೆಜಿಸ್ಲೇಟಿವ್ ಕೌನ್ಸಿಲ್. ಅದಕ್ಕೆ ಐ-ಎನ್-ಜಿ ಹತ್ತುವುದೇ ಇಲ್ಲ. ಸಲಹೆ ಕೊಡುವುದು ಎಸ್-ಇ-ಎಲ್, ಕೋರ್ಟಿನ ವಕೀಲರಿಗೂ ಅದೇ ಪದ. ಕನ್ನಡದಲ್ಲಿ ಬರೆಯುವಾಗ ‘ಸೆ’ ಅಂತ ಬರೆಯುತ್ತೀವಲ್ಲ, ಆ ಎತ್ವವೇ ಇ ಅಕ್ಷರ.

ಪರ್ಸನಲ್, ಪರ್ಸನೆಲ್: ಸಿಬ್ಬಂದಿ ಎಂಬ ಅರ್ಥದ್ದಕ್ಕೆ ಎನ್ ಎರಡು, ಆಮೇಲೆ ಇ. ಒತ್ತು ಕೊನೆಯ ‘ನೆಲ್’ ಮೇಲೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿರುವುದು ಇದೇ. ಜೀವ ವಿಮೆಯ ಬಾಂಡಿನಲ್ಲಿ ‘ಸಮ್ ಅಶ್ಯೂರ್ಡ್’, ಗಾಡಿಯ ಪಾಲಿಸಿಯಲ್ಲಿ ‘ಇನ್ಶ್ಯೂರ್ಡ್’. ವಿಮೆಗೆ ಸಂಬಂಧವೇ ಇಲ್ಲದೆ ‘ಖಾತ್ರಿಪಡಿಸಿ’ ಅನ್ನುವುದಾದರೆ ಇ ಅಕ್ಷರದ ಎನ್ಶ್ಯೂರ್. ಬಿಸೈಡ್ ಅಂದರೆ ಪಕ್ಕದಲ್ಲಿ, ಎಸ್ ಸೇರಿದರೆ ‘ಅದಲ್ಲದೆ’. ಕ್ವೈಟ್, ಕ್ವಯಟ್ ಜೋಡಿಯಲ್ಲಿ ಮೌನವಾಗಿರುವುದಕ್ಕೆ ಇ-ಟಿ.

ಫಾರ್ದರ್, ಫರ್ದರ್ ಎಂಬ ಜೋಡಿಯನ್ನು ಪಟ್ಟಿಗಳು ಬಹಳ ದೊಡ್ಡದು ಮಾಡುತ್ತವೆ. ಎಲ್ಲ ಕಡೆ ಯು ಇರುವ ಫರ್ದರ್ ಬಳಸಿ, ಯಾರೂ ಏನೂ ಅನ್ನುವುದಿಲ್ಲ. ಬೈಮಂತ್ಲಿ ಎಂಬುದನ್ನಂತೂ ಬಳಸಲೇ ಬೇಡಿ. ಅದಕ್ಕೆ ಎರಡು ತಿಂಗಳಿಗೊಮ್ಮೆ, ತಿಂಗಳಿಗೆರಡು ಸಲ ಎಂಬ ಎರಡು ಅರ್ಥವೂ ಇಂಗ್ಲಿಷಿನಲ್ಲೇ ಇವೆ. ರಿಸರ್ವ್ ಬ್ಯಾಂಕ್ ತನ್ನ ಹಣಕಾಸು ನೀತಿಗೆ ಈ ಪದ ಬಳಸುವುದು ಎರಡು ತಿಂಗಳಿಗೊಮ್ಮೆ ಎಂಬ ಅರ್ಥದಲ್ಲಿ, ವರ್ಷಕ್ಕೆ ಆರು ಸಲ. ಕನ್ನಡಕ್ಕೆ ಪಾಕ್ಷಿಕ, ದ್ವೈಮಾಸಿಕ ಎಂದು ಬೇರೆ ಬೇರೆ ಪದಗಳಿವೆ. ಇಂಗ್ಲಿಷಿನಲ್ಲಿ ‘ಎವ್ರಿ ಟೂ ಮಂತ್ಸ್’ ಅಂತ ಬಿಡಿಸಿ ಬರೆದುಬಿಡಿ.

ಹಂತ 6: ಕನ್ನಡಕ್ಕೆ ಬಂದು ಅರ್ಥ ಬದಲಿಸಿಕೊಂಡ ಪದಗಳನ್ನು ಗುರುತು ಹಾಕಿ

ಊರಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಹೊರದೇಶದವರ ಜೊತೆ ಕೆಲಸ ಮಾಡುವವರಿಗೆ, ಅಲ್ಲಿ ಹೋಗಿ ನೆಲೆಸಿದವರಿಗೆ ಬೇಕಾದದ್ದು.

ಕ್ಲಾಸಿನಲ್ಲಿ ‘ಸರ್, ಒಂದು ಡೌಟು’ ಅಂದರೆ ಪ್ರಶ್ನೆ. ಮೀಟಿಂಗಿನಲ್ಲಿ ವಿದೇಶಿ ಸಹೋದ್ಯೋಗಿಗೆ ‘ಐ ಹ್ಯಾವ್ ಅ ಡೌಟ್ ಅಬೌಟ್ ಯುವರ್ ರಿಪೋರ್ಟ್’ ಅಂದರೆ ‘ನಿಮ್ಮ ರಿಪೋರ್ಟಿನ ಮೇಲೆ ನನಗೆ ನಂಬಿಕೆ ಇಲ್ಲ’ ಅಂತ ತಗೊಂಡಾರು. ಅಲ್ಲಿ ಕ್ವೆಶ್ಚನ್ ಅನ್ನಿ. ನಮಗೆ ಹೋಟೆಲ್ ಅಂದರೆ ಇಡ್ಲಿ ವಡೆ ಸಿಗುವ ಜಾಗ. ಅವರಿಗೆ ಅದು ರಾತ್ರಿ ತಂಗುವ ಜಾಗ, ಊಟಕ್ಕೆ ಹೋಗುವುದು ರೆಸ್ಟೋರೆಂಟ್. ಗಂಡಸರ ಪ್ಯಾಂಟ್ ಜೇಬಿನ ಪರ್ಸು ಅಲ್ಲಿ ವಾಲೆಟ್. ಅಮೆರಿಕದಲ್ಲಿ ಪರ್ಸ್ ಅಂದರೆ ಹೆಂಗಸರ ಕೈಚೀಲ. ‘ಕರೆಂಟ್ ಹೋಯ್ತು’ ಅಂದರೆ ‘ಪವರ್ ಈಸ್ ಔಟ್’. ಕಾಲೇಜಿನಿಂದ ‘ಪಾಸ್ ಔಟ್’ ಆದೆ ಅಂದರೆ ಅವರಿಗೆ ಪ್ರಜ್ಞೆ ತಪ್ಪಿ ಬಿದ್ದ ಚಿತ್ರ ಬರುತ್ತದೆ, ಗ್ರಾಜುಯೇಟೆಡ್ ಅನ್ನಿ.

ಇನ್ನೊಂದು, ಅಪಾಯದ ಪದ. ಶಿರಾಡಿ ಘಾಟಿಯಲ್ಲಿ ಮುಂದೆ ಹೋಗುವ ಪೆಟ್ರೋಲ್ ಟ್ಯಾಂಕರಿನ ಹಿಂಭಾಗದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತಾರೆ. ಇಂಗ್ಲಿಷಿನಲ್ಲಿ ‘ಇನ್’ ಸೇರಿದರೆ ಇಲ್ಲ ಅಂತಲ್ಲವೇ, ಹಾಗಾದರೆ ಬೆಂಕಿ ಹತ್ತುವುದಿಲ್ಲ ಅಂದುಕೊಳ್ಳಬೇಡಿ. ಇನ್‌ಫ್ಲೇಮಬಲ್, ಫ್ಲೇಮಬಲ್ ಎರಡಕ್ಕೂ ಬೆಂಕಿ ಹತ್ತುತ್ತದೆ ಎಂಬುದೇ ಅರ್ಥ. ಜನ ತಪ್ಪು ತಿಳಿದಾರು ಎಂದೇ ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ 1920ರ ದಶಕದಿಂದ ‘ಇನ್’ ಇಲ್ಲದ ರೂಪ ಬಳಸಿ ಎಂದು ಒತ್ತಾಯಿಸಿತು. ಬೆಂಕಿ ಹತ್ತದ್ದು ಬೇಕಾದರೆ ‘ನಾನ್’ ಇರಬೇಕು.

ಹಂತ 7: ಸರಿಯಾದ ನಿಘಂಟು ತೆರೆಯಿರಿ

ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಕೊಡುತ್ತದೆ, ಬಾರೋಗೂ ಲೆಂಡ್‌ಗೂ ‘ಸಾಲ’ ಎಂಬ ಮಾತು ಸಿಗುತ್ತದೆ. ಜೋಡಿ ಪದಗಳಿಗೆ ಅಷ್ಟು ಸಾಲದು. ಬೇಕಾದದ್ದು ಕಲಿಯುವವರಿಗಾಗಿಯೇ ಮಾಡಿದ ಲರ್ನರ್ಸ್ ಡಿಕ್ಷನರಿ. ಈ ಬಗೆಯ ನಿಘಂಟಿಗೆ ದಾರಿ ಹಾಕಿದವರಲ್ಲಿ ಒಬ್ಬರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು, ಅಲ್ಲಿನ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಮಾಡಿದ ನಿ‌ಘಂಟು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು. ಅದೇ 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂದು, ಇವತ್ತು ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಎಂದು ಎಲ್ಲ ಕಡೆ ಸಿಗುತ್ತದೆ, ಆನ್‌ಲೈನಿನಲ್ಲಿ ಉಚಿತವಾಗಿ ಕೂಡ. ಅದರಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದಿ. ಪದದ ನಂತರ ಟು ಬರುತ್ತದೋ ಫ್ರಂ ಬರುತ್ತದೋ ನೋಡಿ: ಬಾರೋ ಜೊತೆ ಫ್ರಂ, ಲೆಂಡ್ ಜೊತೆ ಟು. ‘ವಿಚ್ ವರ್ಡ್’ ಎಂಬ ಚೌಕಟ್ಟು ಕಂಡರೆ ಬಿಡಬೇಡಿ, ಜೋಡಿ ಪದಗಳ ವ್ಯತ್ಯಾಸ ಇರುವುದು ಅಲ್ಲೇ.

ಹಂತ 8: ಕಳಿಸುವ ಮುಂಚೆ ಹುಡುಕಿ

ಸ್ಪೆಲ್‌ಚೆಕ್ ಮೇಲೆ ಭಾರ ಹಾಕಬೇಡಿ. ಲೂಸ್, ಲೂಜ಼್ ಎರಡೂ ನಿಘಂಟಿನಲ್ಲಿರುವ ಸರಿಯಾದ ಪದಗಳೇ ಆದ್ದರಿಂದ ಅದು ಎಷ್ಟೋ ಸಲ ಸುಮ್ಮನಿದ್ದುಬಿಡುತ್ತದೆ. ಮೊಬೈಲಿನ ಕೀಲಿಮಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಸರಿಯಾಗಿ ಹೊಡೆದ ಇಟ್ಸ್‌ಗೂ ತಾನೇ ಚಿಹ್ನೆ ಹಾಕುತ್ತದೆ.

ಎಲ್ಲ ಜೋಡಿಗಳೂ ಎಲ್ಲರಿಗೂ ಕಾಟ ಕೊಡುವುದಿಲ್ಲ. ನಿಮಗೆ ಕೈಕೊಡುವ ಐದಾರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಪದದ ಮುಂದೆ ಇಂಗ್ಲಿಷ್ ಅರ್ಥ ಬೇಡ, ಕನ್ನಡದ ಪರೀಕ್ಷೆ ಬರೆಯಿರಿ: ಅದರ, ಅದು, ಗಿಂತ, ಆಮೇಲೆ, ಬೀರು ಇದೆ, ಬೀರು ಇಲ್ಲ, ಬಿಂದು, ಉದ್ದ. ಮುಖ್ಯವಾದ ಅರ್ಜಿಯೋ ಮೇಲೋ ಬರೆದು ಮುಗಿದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ, ಚೀಟಿಯಲ್ಲಿರುವ ಒಂದೊಂದೇ ಪದವನ್ನು ಹುಡುಕಿ. ಸಿಕ್ಕ ಕಡೆಯೆಲ್ಲ ನಿಂತು ಆ ವಾಕ್ಯವನ್ನು ಬಾಯಿಬಿಟ್ಟು ಕನ್ನಡದಲ್ಲಿ ಹೇಳಿ. ಸಿನ್ಸ್ ಮುಂದೆ ಇಯರ್ಸ್, ಮಂತ್ಸ್, ಡೇಸ್ ಕಂಡರೆ ಸಾಮಾನ್ಯವಾಗಿ ಅಲ್ಲಿ ಫಾರ್ ಆಗಬೇಕು. ಅಂಟಿಲ್ ಸಿಕ್ಕ ಕಡೆ ‘ತನಕ’ ಅಂದು ನೋಡಿ, ಕೂರದಿದ್ದರೆ ಬೈ. ತಿಂಗಳೊಪ್ಪತ್ತಿನಲ್ಲಿ ಚೀಟಿಯ ಒಂದೆರಡು ಪದಗಳನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಅವನ್ನು ಹೊಡೆದುಹಾಕಿ, ಆ ಜಾಗಕ್ಕೆ ಹೊಸದಾಗಿ ಕಾಟ ಕೊಡುತ್ತಿರುವ ಇನ್ನೊಂದನ್ನು ಬರೆದುಕೊಳ್ಳಿ.